ಸಣ್ಣ ಹಿಡುವಳಿಯಲ್ಲಿ ಕಳೆನಾಶಕವಿಲ್ಲದ ಕಳೆ ಹತೋಟಿ: ಕಲಬುರಗಿಯ ತೊಗರಿ, ಕಮಲಾಪುರದ ಕೆಂಪು ಬಾಳೆ

ಮೃಗಶಿರ ಮಳೆ ಹದವಾಗಿ ಬಿದ್ದು, ತೊಗರಿ ಬಿತ್ತಿ ಮೂರು ವಾರ ಕಳೆದ ಮೇಲೆ ಹೊಲದ ಬದುವಿನ ಮೇಲೆ ನಿಂತು ನೋಡಿದರೆ ಬೆಳೆ ಯಾವುದು, ಕಳೆ ಯಾವುದು ಎಂದು ತಿಳಿಯದಷ್ಟು ಹಸಿರು ತುಂಬಿರುತ್ತದೆ. ತೊಗರಿ ಸಸಿ ಗೇಣುದ್ದ ಇರುತ್ತದೆ. ಕಳೆ ಅದನ್ನು ಮೀರಿ ನಿಂತಿರುತ್ತದೆ. ಅದೇ ಹೊತ್ತಿಗೆ ಮೋಡ ಮುಸುಕಿ ಮಳೆ ಬಿಡುವು ಕೊಡುವುದಿಲ್ಲ. ಎರೆ ಭೂಮಿಯಲ್ಲಿ ಕಾಲಿಟ್ಟರೆ ಹೂಳುತ್ತದೆ, ಎತ್ತು ಇಳಿಯುವುದಿಲ್ಲ. ಮಳೆ ಬಿಟ್ಟ ದಿನ ಊರಿನ ಎಲ್ಲರಿಗೂ ಒಂದೇ ಸಮಯಕ್ಕೆ ಆಳು ಬೇಕಾಗುತ್ತದೆ. ಐದು ಎಕರೆಯೊಳಗಿನ ರೈತನಿಗೆ ಆ ವರ್ಷದ ಲಾಭ ನಷ್ಟ ಬಹುಮಟ್ಟಿಗೆ ಈ ಕೆಲವು ವಾರಗಳಲ್ಲಿಯೇ ತೀರ್ಮಾನವಾಗುತ್ತದೆ.

ಇಂತಹ ಸಮಯದಲ್ಲಿ ಕಳೆನಾಶಕದ ಡಬ್ಬಿ ಸುಲಭದ ದಾರಿಯಾಗಿ ಕಾಣುವುದು ಸಹಜ. ಆದರೆ ತೊಗರಿಯ ಜೊತೆಗೆ ಹೆಸರು, ಉದ್ದು, ಸಜ್ಜೆ ಮುಂತಾದ ಮಿಶ್ರ ಬೆಳೆ ಹಾಕುವ ರೈತನಿಗೆ ಎಲ್ಲ ಬೆಳೆಗೂ ಹೊಂದುವ ಔಷಧಿ ಸಿಗುವುದು ಕಷ್ಟ. ಒಂದಕ್ಕೆ ಹಿತವಾದುದು ಇನ್ನೊಂದನ್ನು ಸುಡುತ್ತದೆ. ಸಾವಯವ ಪ್ರಮಾಣಪತ್ರ ಪಡೆಯಬಯಸುವವರಿಗಂತೂ ಆ ದಾರಿ ಮುಚ್ಚಿಯೇ ಇದೆ. ಆದುದರಿಂದ ಔಷಧಿಯಿಲ್ಲದೆ ಕಳೆಯನ್ನು ಹತೋಟಿಯಲ್ಲಿಡುವ ಕ್ರಮಗಳನ್ನು ಈ ಲೇಖನದಲ್ಲಿ ವಿವರಿಸಲಾಗಿದೆ. ಒಬ್ಬ ಸಣ್ಣ ರೈತನ ಬಳಿ ಮೂರು ಎಕರೆ ಮಳೆಯಾಶ್ರಿತ ಎರೆ ಭೂಮಿ ಹಾಗೂ ಬಾವಿಯ ಕೆಳಗೆ ಒಂದು ಎಕರೆ ಬಾಳೆ ಇದೆ ಎಂದು ಭಾವಿಸಿ ಮುಂದಿನ ಮಾತುಗಳನ್ನು ಓದಿರಿ.

ಕಳೆಯಿಂದ ಆಗುವ ಹಾನಿ ಯಾವಾಗ?

ತೊಗರಿಯು ಆರಂಭದಲ್ಲಿ ಬಹು ನಿಧಾನವಾಗಿ ಬೆಳೆಯುವ ಬೆಳೆ. ಮೊದಲ ಒಂದೂವರೆ ತಿಂಗಳು ಅದು ತನ್ನ ಶಕ್ತಿಯನ್ನೆಲ್ಲ ಬೇರು ಇಳಿಸುವುದಕ್ಕೆ ಬಳಸುತ್ತದೆ. ಸಾಲಿನಿಂದ ಸಾಲಿಗೆ 90 ಸೆಂ.ಮೀ. ಅಂತರವಿರುವುದರಿಂದ ನಡುವಿನ ಜಾಗ ಬರಿದಾಗಿರುತ್ತದೆ. ಈ ಬರಿ ಜಾಗವೇ ಕಳೆಗಳಿಗೆ ಮನೆ. ಎರಡು ತಿಂಗಳ ನಂತರ ತೊಗರಿಯ ರೆಂಬೆಗಳು ಹರಡಿ ನೆಲ ಮುಚ್ಚಿದ ಮೇಲೆ ಬೆಳೆಯೇ ಕಳೆಯನ್ನು ಅದುಮಿ ಹಿಡಿಯುತ್ತದೆ. ಆದುದರಿಂದ ಬಿತ್ತಿದ ದಿನದಿಂದ ಸುಮಾರು 60 ದಿನಗಳವರೆಗೆ ಹೊಲವನ್ನು ಸ್ವಚ್ಛವಾಗಿಟ್ಟುಕೊಂಡರೆ ಸಾಕು. ಈ ಅವಧಿ ಕಳೆದ ಮೇಲೆ ಎಷ್ಟು ಆಳು ಹಚ್ಚಿ ಕಳೆ ತೆಗೆಸಿದರೂ ಕಳೆದುಹೋದ ಇಳುವರಿ ತಿರುಗಿ ಬರುವುದಿಲ್ಲ. ಆಗ ತೆಗೆಯುವ ಕಳೆ ಮುಂದಿನ ವರ್ಷದ ಹಿತಕ್ಕಾಗಿ ಮಾತ್ರ.

ಮುಂದಿನ ವರ್ಷದ ಹಿತವೂ ಸಣ್ಣದೇನಲ್ಲ. ಒಂದು ಲೆಕ್ಕ ನೋಡಿರಿ. ಚೆನ್ನಾಗಿ ಬೆಳೆದ ಒಂದು ಪಾರ್ಥೇನಿಯಂ ಗಿಡ, ಅಂದರೆ ನಮ್ಮ ಕಾಂಗ್ರೆಸ್ ಕಸ, 10,000ಕ್ಕೂ ಮೇಲ್ಪಟ್ಟು ಬೀಜ ಉದುರಿಸಬಲ್ಲದು. ಬದುವಿನಲ್ಲಿ ಅಂತಹ ಹತ್ತೇ ಗಿಡ ಬಿಟ್ಟರೂ ಒಂದು ಲಕ್ಷ ಬೀಜವಾಯಿತು. ಅದು ಒಂದು ಎಕರೆಯಲ್ಲಿ ಸಮನಾಗಿ ಹರಡಿದರೆ ಪ್ರತಿ ಚದರ ಮೀಟರಿಗೆ ಸುಮಾರು 25 ಬೀಜ ಬೀಳುತ್ತದೆ. ಹತ್ತು ಗಿಡ ಕೀಳುವುದು ಹತ್ತು ನಿಮಿಷದ ಕೆಲಸ. ಬಿಟ್ಟರೆ ಹಲವು ವರ್ಷಗಳ ಕೆಲಸ. ಕಳೆ ಹೂ ಬಿಡುವ ಮುನ್ನ ಕೀಳುವುದೇ ಸಾವಯವ ಕಳೆ ಹತೋಟಿಯ ಮೂಲ ಸೂತ್ರ.

ಮಾಗಿ ಮತ್ತು ಬೇಸಿಗೆಯ ಉಳುಮೆ

ಕಳೆಗಳಲ್ಲಿ ಎರಡು ಬಗೆ. ಬೀಜದಿಂದ ಹುಟ್ಟಿ ಒಂದೇ ಹಂಗಾಮಿನಲ್ಲಿ ಮುಗಿಯುವ ಕಳೆಗಳು ಒಂದು ಬಗೆ. ನೆಲದೊಳಗಿನ ಗಡ್ಡೆ ಅಥವಾ ಬೇರುಕಾಂಡದಿಂದ ವರ್ಷವರ್ಷವೂ ಚಿಗುರುವ ಜೇಕು, ಕರಿಕೆ ಮುಂತಾದವು ಇನ್ನೊಂದು ಬಗೆ. ಎರಡಕ್ಕೂ ಒಂದೇ ಮದ್ದು ನಡೆಯದು.

ಜೇಕು, ಕರಿಕೆ ಹೆಚ್ಚಾಗಿರುವ ಹೊಲವನ್ನು ಬೆಳೆ ಕಟಾವಾದ ಕೂಡಲೇ, ನೆಲದಲ್ಲಿ ಸ್ವಲ್ಪ ಹಸಿ ಇರುವಾಗಲೇ, ಮಣ್ಣು ಮಗುಚುವ ನೇಗಿಲಿನಿಂದ ಆಳವಾಗಿ ಉಳಬೇಕು. ಹೆಂಟೆಗಳನ್ನು ಒಡೆಯದೆ ಹಾಗೆಯೇ ಬಿಡಬೇಕು. ಕಲಬುರಗಿಯ ಏಪ್ರಿಲ್, ಮೇ ತಿಂಗಳ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುವುದು ನಿಮಗೆ ಗೊತ್ತೇ ಇದೆ. ಈ ಬಿಸಿಲಿಗೆ ಮೇಲೆ ಬಿದ್ದ ಗಡ್ಡೆಗಳು ಒಣಗಿ ಸಾಯುತ್ತವೆ. ಮೇಲೆ ಬಂದ ಕರಿಕೆ ಬೇರನ್ನು ಆರಿಸಿ ಹೊಲದಿಂದ ಹೊರಗೆ ಹಾಕಬೇಕು. ಇಂತಹ ಆಳದ ಉಳುಮೆಯನ್ನು ಪ್ರತಿ ವರ್ಷ ಮಾಡಬೇಕಾಗಿಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಸಾಕು. ವರ್ಷವರ್ಷವೂ ಆಳವಾಗಿ ಉತ್ತರೆ ಹೂತುಹೋಗಿದ್ದ ಹಳೆಯ ಕಳೆ ಬೀಜ ಮೇಲೆ ಬರುವುದಲ್ಲದೆ ಮಣ್ಣಿನ ಸಾವಯವ ಅಂಶವೂ ಬೇಗ ಕರಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಬಾಡಿಗೆಗೆ ಸಿಗುವ ರೋಟವೇಟರ್ ಯಂತ್ರವನ್ನು ಜೇಕು, ಕರಿಕೆ ಇರುವ ಹಸಿ ನೆಲದಲ್ಲಿ ಓಡಿಸಬಾರದು. ಅದು ಕರಿಕೆಯ ಒಂದು ಬಳ್ಳಿಯನ್ನು ಹತ್ತು ತುಂಡು ಮಾಡುತ್ತದೆ. ಗಣ್ಣು ಇರುವ ಪ್ರತಿ ತುಂಡೂ ಹೊಸ ಗಿಡವಾಗುತ್ತದೆ. ಜೇಕಿನ ಗಡ್ಡೆಗಳ ಸರ ಹರಿದು ಹೊಲದ ತುಂಬ ಹರಡುತ್ತವೆ. ಒಂದು ಮೂಲೆಯಲ್ಲಿದ್ದ ಕಳೆ ಎರಡು ವರ್ಷದಲ್ಲಿ ಇಡೀ ಹೊಲಕ್ಕೆ ಬಂದಿತೆಂದರೆ ಅದಕ್ಕೆ ಕಾರಣ ಹಲವು ವೇಳೆ ಇದೇ ಆಗಿರುತ್ತದೆ.

ಬಿತ್ತುವ ಮೊದಲು ಒಂದು ಸುಳ್ಳು ಬಿತ್ತನೆ

ಬೀಜದಿಂದ ಹುಟ್ಟುವ ಕಳೆಗಳಿಗೆ ಬಹು ಕಡಿಮೆ ಖರ್ಚಿನ ಉಪಾಯವೊಂದಿದೆ. ಮೇ ಕೊನೆಯ ವಾರ, ಅಂದರೆ ರೋಹಿಣಿ ಮಳೆಯ ಹೊತ್ತಿಗೆ ಹೊಲವನ್ನು ಹರಗಿ, ಬಿತ್ತನೆಗೆ ಸಿದ್ಧವಾಗಿರುವಂತೆ ಮಟ್ಟ ಮಾಡಿಡಿರಿ. ಆದರೆ ಬಿತ್ತಬೇಡಿರಿ. ಮೊದಲ ಹದ ಮಳೆಗೆ ಮೇಲ್ಪದರದ ಕಳೆ ಬೀಜಗಳು ಮೊಳೆಯುತ್ತವೆ. ಏಳರಿಂದ ಹತ್ತು ದಿನಗಳಲ್ಲಿ ನೆಲ ಹಸಿರಾಗುತ್ತದೆ. ಬಿಸಿಲಿರುವ ದಿನ ನೋಡಿ ಕುಂಟೆಯಿಂದ ಮೇಲೆ ಮೇಲೆ ಹರಗಿದರೆ ಎಳೆಯ ಕಳೆಗಳೆಲ್ಲ ಬುಡ ಕತ್ತರಿಸಿ ಒಣಗುತ್ತವೆ. ಅನಂತರ ಮೃಗಶಿರ ಮಳೆಯಲ್ಲಿ ಬಿತ್ತಬೇಕು.

ಎರಡನೆಯ ಸಲ ಹರಗುವಾಗ ಕುಂಟೆ ಎರಡು ಅಂಗುಲಕ್ಕಿಂತ ಆಳ ಹೋಗಬಾರದು. ಆಳಕ್ಕೆ ಹೋದರೆ ಕೆಳಗಿನ ಬೀಜ ಮೇಲೆ ಬಂದು ಮತ್ತೆ ಮೊಳೆಯುತ್ತದೆ. ಮಾಡಿದ ಕೆಲಸ ವ್ಯರ್ಥವಾಗುತ್ತದೆ. ಇನ್ನೊಂದು ಮಾತು: ಈ ಕ್ರಮಕ್ಕಾಗಿ ಬಿತ್ತನೆಯನ್ನು ಜುಲೈ ಮಧ್ಯದವರೆಗೆ ಮುಂದೂಡಬಾರದು. ರೋಹಿಣಿ ಮಳೆ ಬಾರದೆ ಮೃಗಶಿರವೇ ಮೊದಲ ಮಳೆಯಾದರೆ, ಕಾಯದೆ ಬಿತ್ತಿ, ಎಡೆ ಹೊಡೆಯುವ ಕಡೆಗೆ ಗಮನ ಕೊಡುವುದು ಲೇಸು. ತಡವಾಗಿ ಬಿತ್ತಿದ ತೊಗರಿಯ ನಷ್ಟ ಕಳೆಯ ನಷ್ಟಕ್ಕಿಂತ ಹೆಚ್ಚಾಗಬಹುದು.

ಗೊಬ್ಬರದ ಮೂಲಕ ಬರುವ ಕಳೆ

ಸಾವಯವ ಬೇಸಾಯ ಆರಂಭಿಸಿದವರು ಮೊದಲು ಹೇಳುವ ದೂರು, ಕೊಟ್ಟಿಗೆ ಗೊಬ್ಬರ ಹಾಕಿದ ಮೇಲೆ ಕಳೆ ಹೆಚ್ಚಾಯಿತು ಎಂಬುದು. ಇದು ನಿಜ, ಇದರ ಅನುಭವ ಲೇಖಕನಿಗೂ ಇದೆ. ಕೃಷಿ ಪದವಿ ಮುಗಿಸಿದ ಹೊಸದರಲ್ಲಿ ನಮ್ಮ ಮನೆಯ ಹೊಲಕ್ಕೆ ಅರ್ಧ ಕೊಳೆತ ಗೊಬ್ಬರವನ್ನು ಆತುರದಿಂದ ಹೇರಿಸಿದೆ. ತಂದೆಯವರು ಇನ್ನೊಂದು ಮಳೆಗಾಲ ಕಳೆಯಲಿ ಎಂದರೂ ಕೇಳಲಿಲ್ಲ. ಆ ವರ್ಷ ಗೊಬ್ಬರ ಹಾಕಿದ ತುಂಡಿನಲ್ಲಿ ಮೂರು ಸಲ ಕಳೆ ತೆಗೆಸಬೇಕಾಯಿತು. ಹಾಕದ ತುಂಡಿನಲ್ಲಿ ಒಂದೇ ಸಲ. ದನ ಮೇಯ್ದ ಹುಲ್ಲಿನ ಬೀಜ ಸಗಣಿಯಲ್ಲಿ ಜೀವಂತವಾಗಿಯೇ ಹೊರಬೀಳುತ್ತದೆ ಎಂಬುದನ್ನು ಪುಸ್ತಕದಲ್ಲಿ ಓದಿದ್ದೆ, ಹೊಲದಲ್ಲಿ ಕಲಿತೆ.

ತಿಪ್ಪೆಯ ಒಳಗಿನ ಶಾಖ 55ರಿಂದ 65 ಡಿಗ್ರಿ ಸೆಲ್ಸಿಯಸ್‌ಗೆ ಏರಿ ಕೆಲವು ದಿನ ನಿಂತರೆ ಬಹುಪಾಲು ಕಳೆ ಬೀಜಗಳು ಸಾಯುತ್ತವೆ. ಇದಕ್ಕಾಗಿ ಸಗಣಿ, ಹಸಿರು ಸೊಪ್ಪು, ಒಣ ಕಸಗಳನ್ನು ಪದರ ಪದರವಾಗಿ ಎದೆಯೆತ್ತರ ಒಟ್ಟಿ, ಹಿಂಡಿದರೆ ಕೈ ಒದ್ದೆಯಾಗುವಷ್ಟು ತೇವ ಕೊಟ್ಟು, ಹದಿನೈದು ದಿನಕ್ಕೊಮ್ಮೆ ಹೊರಗಿನದು ಒಳಗೆ ಬರುವಂತೆ ಮಗುಚಬೇಕು. ಒಟ್ಟಿಲಿನ ನಡುವೆ ಕಬ್ಬಿಣದ ಸರಳು ಚುಚ್ಚಿ ಸ್ವಲ್ಪ ಹೊತ್ತಿನ ಮೇಲೆ ತೆಗೆದು ಮುಟ್ಟಿರಿ. ಹಿಡಿಯಲಾಗದಷ್ಟು ಬಿಸಿಯಿದ್ದರೆ ಗೊಬ್ಬರ ಸರಿಯಾಗಿ ಕಳಿಯುತ್ತಿದೆ ಎಂದು ತಿಳಿಯಬಹುದು. ಬೀಜ ಕಟ್ಟಿದ ಕಳೆ, ಜೇಕಿನ ಗಡ್ಡೆ, ಕರಿಕೆ ಬೇರುಗಳನ್ನು ಮಾತ್ರ ತಿಪ್ಪೆಗೆ ಹಾಕಬಾರದು.

ಬೆಳೆಯಿಂದಲೇ ಕಳೆಗೆ ಕಡಿವಾಣ

ತೊಗರಿಯ ಎರಡು ಸಾಲುಗಳ ನಡುವೆ 30 ಸೆಂ.ಮೀ. ಅಂತರದಲ್ಲಿ ಎರಡು ಸಾಲು ಹೆಸರು ಬಿತ್ತುವುದರಿಂದ ಬರಿ ನೆಲವೆಲ್ಲ ಮುಚ್ಚುತ್ತದೆ. ಕಳೆ ಹುಟ್ಟಬೇಕಾದಲ್ಲಿ ಹೆಸರು ಹುಟ್ಟುತ್ತದೆ. 65ರಿಂದ 70 ದಿನಗಳಲ್ಲಿ ಹೆಸರಿನ ಕಾಯಿ ಬಿಡಿಸಿದ ಮೇಲೆ ಹೊಟ್ಟನ್ನು ಅಲ್ಲಿಯೇ ಮಣ್ಣಿಗೆ ಸೇರಿಸಿದರೆ ಗೊಬ್ಬರವೂ ಆಯಿತು. ಆ ಹೊತ್ತಿಗೆ ತೊಗರಿ ತಾನೇ ಹರಡಿಕೊಳ್ಳಲು ಸಿದ್ಧವಾಗಿರುತ್ತದೆ. ಕಾಯಿ ಬಿಡಿಸುವ ವೇಳೆಗೆ ಮಳೆ ಹಿಡಿದರೆ ಹೆಸರು ಕೆಡುವ ಸಂಭವವುಂಟು. ಆದರೂ ಕಳೆ ಅದುಮಿದ ಲಾಭ ಕೈಬಿಟ್ಟು ಹೋಗುವುದಿಲ್ಲ.

ಬೀಜವನ್ನು ಪ್ರತಿ ಕಿಲೋಗ್ರಾಂಗೆ 4 ಗ್ರಾಂ ಟ್ರೈಕೋಡರ್ಮಾ ಪುಡಿಯಿಂದ ಉಪಚರಿಸಿ, ಅನಂತರ ರೈಜೋಬಿಯಂ ಲೇಪಿಸಿ ಬಿತ್ತಿರಿ. ಸಸಿ ಸಮನಾಗಿ, ಚುರುಕಾಗಿ ಹುಟ್ಟಿದಷ್ಟೂ ಕಳೆಗೆ ಜಾಗ ಕಡಿಮೆ. ಹುಟ್ಟದೆ ಉಳಿದ ಕಡೆ ಹತ್ತು ದಿನದೊಳಗೆ ಮರು ಬೀಜ ಊರಬೇಕು. ಬೆಳೆಯಿಲ್ಲದ ಪ್ರತಿ ಅಡಿ ನೆಲವೂ ಕಳೆಗೆ ಕೊಟ್ಟ ಇನಾಮು ಎಂದು ತಿಳಿಯಿರಿ.

ಒಂದೇ ಹೊಲದಲ್ಲಿ ವರ್ಷವರ್ಷವೂ ತೊಗರಿಯನ್ನೇ ಬೆಳೆದರೆ ಅದಕ್ಕೆ ಹೊಂದಿಕೊಂಡ ಕಳೆಗಳೂ, ಅದರ ಜೊತೆಗೆ ನೆಟೆ ರೋಗದ ಶಿಲೀಂಧ್ರವೂ ಮಣ್ಣಿನಲ್ಲಿ ಬೆಳೆಯುತ್ತ ಹೋಗುತ್ತವೆ. ತೊಗರಿಯೊಡನೆ ಜೋಳ ಬೆಳೆದಾಗ ನೆಟೆ ರೋಗ ಕಡಿಮೆಯಾಗುವುದು ಪ್ರಯೋಗಗಳಿಂದ ಕಂಡುಬಂದಿದೆ. ಆದುದರಿಂದ ಮೂರು ಎಕರೆಯಲ್ಲಿ ಎರಡು ಎಕರೆ ತೊಗರಿ ಹಾಗೂ ಹೆಸರು, ಒಂದು ಎಕರೆ ಹಿಂಗಾರಿ ಜೋಳ ಎಂದು ಪಾಲು ಮಾಡಿ, ಪ್ರತಿ ವರ್ಷ ಜಾಗ ಬದಲಿಸಿರಿ. ಹಿಂಗಾರಿ ಜೋಳಕ್ಕೆ ಬಿಟ್ಟ ಎಕರೆಯನ್ನು ಮುಂಗಾರಿನಲ್ಲಿ ಬರಿದಾಗಿ ಬಿಡದೆ ಸೆಣಬು ಒತ್ತೊತ್ತಾಗಿ ಬಿತ್ತಿ, ಹೂ ಬಿಡುವ ಹೊತ್ತಿಗೆ ಮಣ್ಣಿಗೆ ಸೇರಿಸಬೇಕು. ಸೆಣಬಿನ ನೆರಳಿನಲ್ಲಿ ಕಳೆ ಏಳಲಾರದು. ಅದು ಚೆನ್ನಾಗಿ ಕೊಳೆಯಲು ಜೋಳದ ಬಿತ್ತನೆಗೆ ಮೊದಲು ಮೂರು ನಾಲ್ಕು ವಾರ ಅವಕಾಶವಿರಲಿ.

ಎಡೆಕುಂಟೆಯ ಲೆಕ್ಕ

ಹೆಸರು ಹಾಕದೆ ತೊಗರಿಯೊಂದನ್ನೇ 90 ಸೆಂ.ಮೀ. ಸಾಲಿನಲ್ಲಿ ಬಿತ್ತಿದವರು 60 ಸೆಂ.ಮೀ. ಅಗಲದ ಎಡೆಕುಂಟೆ ಹೊಡೆದರೆ ನೆಲದ ಮೂರರಲ್ಲಿ ಎರಡು ಭಾಗ ಎತ್ತಿನಿಂದಲೇ ಸ್ವಚ್ಛವಾಗುತ್ತದೆ. ಉಳಿದ ಮೂರರಲ್ಲಿ ಒಂದು ಭಾಗ, ಅಂದರೆ ಸಾಲಿನ ಎರಡೂ ಬದಿಗೆ 15 ಸೆಂ.ಮೀ. ಪಟ್ಟಿ ಮಾತ್ರ, ಕೈಯಿಂದ ಕೀಳಬೇಕು. ಎಡೆ ಹೊಡೆಯದೆ ಪೂರ್ತಿ ಕೈಗಳೆ ಮಾಡಿಸುವವರು ಎತ್ತು ಮಾಡಬಹುದಾದ ಕೆಲಸಕ್ಕೆ ಆಳಿನ ಕೂಲಿ ಕೊಡುತ್ತಿದ್ದಾರೆ ಎಂದಾಯಿತು. ಹೆಸರು ಹಾಕಿದವರು 20 ಸೆಂ.ಮೀ. ಅಲಗಿನ ಸಣ್ಣ ಕುಂಟೆ ಅಥವಾ ಕೈಯಿಂದ ತಳ್ಳುವ ಚಕ್ರದ ಎಡೆಕುಂಟೆ ಬಳಸಬೇಕು.

ಮೊದಲ ಎಡೆ ಬಿತ್ತಿದ 20ರಿಂದ 25 ದಿನಕ್ಕೆ, ಎರಡನೆಯದು 40ರಿಂದ 45 ದಿನಕ್ಕೆ ಸರಿಯಾದ ಸಮಯ. ಮೊದಲ ಎಡೆಯ ಹಿಂದೆಯೇ ಸಾಲಿನೊಳಗಿನ ಕೈಗಳೆ ಮುಗಿಸಬೇಕು. ಕಳೆ ಎರಡು ಮೂರು ಎಲೆಯಲ್ಲಿರುವಾಗ ಕುಂಟೆ ಮುಟ್ಟಿದರೆ ಸಾಯುತ್ತದೆ. ಗೇಣುದ್ದವಾದ ಮೇಲೆ ಕುಂಟೆಗೆ ಸಿಕ್ಕರೂ ಹಸಿ ನೆಲದಲ್ಲಿ ಮತ್ತೆ ಬೇರು ಕೊಡುತ್ತದೆ. ಎರೆ ಭೂಮಿಯಲ್ಲಿ ಎಡೆ ಹೊಡೆಯುವುದರಿಂದ ಬಿರುಕು ಮುಚ್ಚಿ ತೇವ ಉಳಿಯುವುದು ಇನ್ನೊಂದು ಲಾಭ. 45 ದಿನದ ನಂತರ ಕುಂಟೆಯನ್ನು ಸಾಲಿನ ಬುಡಕ್ಕೆ ಒತ್ತಿ ಹೊಡೆಯಬಾರದು. ಗಾಯವಾದ ಬೇರು ಗಿಡವನ್ನು ಸೊರಗಿಸುತ್ತದೆ, ರೋಗಕ್ಕೂ ದಾರಿ ಮಾಡುತ್ತದೆ.

ಕಳೆ ಕೀಳುವ ಕೆಲಸ ನಮ್ಮಲ್ಲಿ ಬಹುತೇಕ ಹೆಣ್ಣುಮಕ್ಕಳದು. ಮೊಣಕಾಲೂರಿ, ಬೆನ್ನು ಬಗ್ಗಿಸಿ ದಿನವಿಡೀ ಕುರ್ಪಿ ಹಿಡಿದವರ ನೋವು ಲೆಕ್ಕದ ಪುಸ್ತಕದಲ್ಲಿ ಬರುವುದಿಲ್ಲ. ನಿಂತೇ ಕೆಲಸ ಮಾಡಬಹುದಾದ ಉದ್ದ ಹಿಡಿಕೆಯ ಸಾಧನ ಅಥವಾ ಚಕ್ರದ ಎಡೆಕುಂಟೆಯನ್ನು ನಾಲ್ಕೈದು ಮನೆಯವರು ಕೂಡಿ ಕೊಂಡರೂ ಒಳ್ಳೆಯದು. ಕೊಳ್ಳುವ ಮೊದಲು ಅದನ್ನು ಹಿಡಿದು ಕೆಲಸ ಮಾಡುವ ಹೆಣ್ಣುಮಕ್ಕಳಿಂದಲೇ ಹೊಲದಲ್ಲಿ ಪರೀಕ್ಷೆ ಮಾಡಿಸಿರಿ.

ಮಳೆ ಬಿಡದಿದ್ದರೆ ಏನು ಮಾಡಬೇಕು?

ಎರಡು ವಾರ ಹೊಲಕ್ಕೆ ಕಾಲಿಡಲಾಗದೆ, ಬಿಸಿಲು ಬಿದ್ದ ದಿನ ಎರಡೇ ಆಳು ಸಿಕ್ಕರೆ ಎಲ್ಲಿಂದ ಆರಂಭಿಸಬೇಕು? ಕಳೆ ದಟ್ಟವಾಗಿರುವ ಮೂಲೆಯಿಂದ ಆರಂಭಿಸುವುದು ಸಾಮಾನ್ಯ ರೂಢಿ. ಅದು ತಪ್ಪು. ಮೊದಲು ಬೆಳೆ ಚೆನ್ನಾಗಿದ್ದು ಕಳೆ ಇನ್ನೂ ಎಳೆಯದಿರುವ ಭಾಗವನ್ನು ಉಳಿಸಿಕೊಳ್ಳಿರಿ; ಅಲ್ಲಿ ಒಂದು ಆಳು ಮಾಡುವ ಕೆಲಸದಿಂದ ಹೆಚ್ಚು ಬೆಳೆ ಉಳಿಯುತ್ತದೆ. ಎರಡನೆಯದಾಗಿ ಸಾಲಿನೊಳಗಿನ ಕಳೆ, ಮೂರನೆಯದಾಗಿ ಸಾಲಿನ ನಡುವಿನದು. ಕೈಮೀರಿದ ಮೂಲೆಯಲ್ಲಿ ಕೊನೆಗೆ ಕುಡುಗೋಲಿನಿಂದ ಹೂವಿನ ತೆನೆಗಳನ್ನಾದರೂ ಕೊಯ್ದು ಬೀಜ ಬೀಳದಂತೆ ನೋಡಿಕೊಂಡರೆ ಸಾಕು. ನೀರು ನಿಲ್ಲುವ ಹೊಲದಲ್ಲಿ ಇಳಿಜಾರಿಗೆ ಅಡ್ಡಲಾಗಿ ಬಿತ್ತಿ, ಕೆಲವು ಸಾಲುಗಳಿಗೊಂದು ಹರಿ ಬಿಟ್ಟರೆ ಹೊಲಕ್ಕೆ ಒಂದೆರಡು ದಿನ ಮೊದಲೇ ಇಳಿಯಬಹುದು.

ಕಿತ್ತ ಕಿರಕಸಾಲಿ, ಗೋಳಿ, ಹಕ್ಕರಿಕೆ ಮನೆಗೆ ಪಲ್ಯವಾಗುತ್ತವೆ. ಎಳೆಯದಿರುವಾಗಲೇ ಕಿತ್ತರೆ ರೊಟ್ಟಿಗೂ ಹಿತ, ಹೊಲಕ್ಕೂ ಹಿತ.

ಬದುವಿನ ಕಾಂಗ್ರೆಸ್ ಕಸ

ಪಾರ್ಥೇನಿಯಂ ನಮ್ಮ ದೇಶದಲ್ಲಿ ಪುಣೆಯ ಬಳಿ 1950ರ ದಶಕದಲ್ಲಿ ಕಣ್ಣಿಗೆ ಬಿದ್ದು, ಅನಂತರ ಎಲ್ಲೆಡೆ ಹಬ್ಬಿತು. ಅದರ ಎಲೆಯನ್ನು ತಿಂದು ಬದುಕುವ ಜೀರುಂಡೆಯೊಂದನ್ನು ಮೆಕ್ಸಿಕೋದಿಂದ 1983ರಲ್ಲಿ ಬೆಂಗಳೂರಿಗೆ ತರಿಸಿ, ಪರೀಕ್ಷೆಯ ನಂತರ 1984ರಲ್ಲಿ ಬಿಡುಗಡೆ ಮಾಡಲಾಯಿತು. ಬಿಳಿಯ ಬೆನ್ನಿನ ಮೇಲೆ ಕಂದು ಗೆರೆಗಳಿರುವ ಈ ಜೀರುಂಡೆ ಮಳೆಗಾಲದಲ್ಲಿ ಚುರುಕಾಗಿ ಎಲೆ ತಿಂದು ಗಿಡವನ್ನು ಬೋಳು ಮಾಡುತ್ತದೆ. ಒಣ ದಿನಗಳಲ್ಲಿ ಮಣ್ಣಿನೊಳಗೆ ಅಡಗುತ್ತದೆ. ಆದುದರಿಂದ ಇದನ್ನೊಂದನ್ನೇ ನಂಬಿ ಕೂರಬಾರದು. ಕಂಡಲ್ಲಿ ಕೊಲ್ಲಲೂ ಬಾರದು. ಬೇಸಿಗೆಯ ಕೊನೆಗೆ ಬದುವಿನಲ್ಲಿ ತಗಚೆ ಬೀಜ ಚೆಲ್ಲಿದರೆ ಅದು ದಟ್ಟವಾಗಿ ಬೆಳೆದು ಪಾರ್ಥೇನಿಯಂಗೆ ಜಾಗ ಕೊಡುವುದಿಲ್ಲ. ಹೂ ಬಿಡುವ ಮೊದಲು ಕಿತ್ತ ಗಿಡವನ್ನು ಕಾಂಪೋಸ್ಟ್ ಮಾಡಬಹುದು. ಕೀಳುವಾಗ ಕೈಗೆ ಚೀಲ ಕಟ್ಟಿಕೊಂಡು, ಮೂಗಿಗೆ ಬಟ್ಟೆ ಸುತ್ತಿಕೊಳ್ಳಬೇಕು. ಈ ಗಿಡದಿಂದ ಚರ್ಮದ ತುರಿಕೆ, ಉಬ್ಬಸ ಬರುವುದುಂಟು.

ಕಮಲಾಪುರದ ಕೆಂಪು ಬಾಳೆಯಲ್ಲಿ

ಕಲಬುರಗಿಯಿಂದ ಹುಮನಾಬಾದ್ ರಸ್ತೆಯಲ್ಲಿ ಸಿಗುವ ಕಮಲಾಪುರದ ಕೆಂಪು ಬಾಳೆ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಬೆಳೆ. ಕಲಬುರಗಿಯ ತೊಗರಿ ಬೇಳೆಗೂ 2019ರಲ್ಲಿ ಅದೇ ಮಾನ್ಯತೆ ದೊರೆಯಿತು. ಕೆಂಪು ಬಾಳೆ ಸುಮಾರು ಒಂದೂವರೆ ವರ್ಷದ ಬೆಳೆ. ಗೊಬ್ಬರ, ನೀರು ಎರಡನ್ನೂ ಹೆಚ್ಚು ಬೇಡುತ್ತದೆ. ಅಷ್ಟೇ ಹೆಚ್ಚು ಕಳೆಯನ್ನೂ ಸಾಕುತ್ತದೆ.

ಬಾಳೆಯ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಒಂದು ಅಡಿಯಲ್ಲಿಯೇ ಹರಡಿರುತ್ತವೆ. ಸಲಿಕೆಯಿಂದ ಅಗೆದು ಕಳೆ ತೆಗೆಯುವವರು ಕಳೆಯ ಜೊತೆ ಬಾಳೆಯ ಬೇರನ್ನೂ ಕಡಿಯುತ್ತಾರೆ. ಆದುದರಿಂದ ಮೊದಲ ಮೂರು ನಾಲ್ಕು ತಿಂಗಳು ಮಾತ್ರ ಹಗುರವಾಗಿ ಕೆದಕಿ, ಅನಂತರ ಹೊದಿಕೆಯನ್ನೇ ನಂಬಬೇಕು. ನಾಟಿ ಮಾಡಿದ ಮೇಲೆ ಸಾಲುಗಳ ನಡುವೆ ಅಲಸಂದೆ ಅಥವಾ ಸೆಣಬು ಬಿತ್ತಿ, 45 ದಿನಕ್ಕೆ ಕೊಯ್ದು ಅಲ್ಲಿಯೇ ಹಾಸಿರಿ. ಅದರ ಮೇಲೆ ಜೋಳದ ಕೊಯ್ಲೆ, ಕಬ್ಬಿನ ರವದಿ, ಒಣ ಬಾಳೆ ಎಲೆಗಳನ್ನು ನಾಲ್ಕರಿಂದ ಆರು ಅಂಗುಲ ದಪ್ಪ ಹೊದಿಸಿರಿ. ತೆಳುವಾದ ಹೊದಿಕೆಯಿಂದ ಪ್ರಯೋಜನವಿಲ್ಲ. ಬೆಳಕು ತೂರಿದಲ್ಲಿ ಕಳೆ ಏಳುತ್ತದೆ. ಬುಡದ ಸುತ್ತ ಒಂದು ಗೇಣು ಜಾಗ ತೆರವಾಗಿರಲಿ, ಇಲ್ಲವಾದರೆ ದಿಂಡು ಕೊಳೆಯಬಹುದು. ರೋಗ ಬಂದ ಗಿಡದ ಎಲೆಯನ್ನು ಹೊದಿಕೆಗೆ ಬಳಸಬಾರದು. ಸೌತೆ, ಕುಂಬಳ ಜಾತಿಯ ಬಳ್ಳಿಗಳನ್ನು ಬಾಳೆಯ ನಡುವೆ ಹಾಕಬಾರದು. ಅವುಗಳಿಂದ ನಂಜು ರೋಗ ಬಾಳೆಗೆ ಹರಡುತ್ತದೆ. ತೊಗರಿ ಕಟ್ಟಿಗೆಯನ್ನು ಹೊಲದಲ್ಲಿ ಸುಡದೆ, ಒಲೆಗೆ ಬಳಸಿ ಉಳಿದುದನ್ನು ಪುಡಿ ಮಾಡಿಸಿದರೆ ಅದೂ ಹೊದಿಕೆಯಾಗುತ್ತದೆ.

ಮಾಡಬಾರದ ಕೆಲಸ

ಉಪ್ಪು, ಸಾಬೂನು, ಹುಳಿ ಬೆರೆಸಿ ಕಳೆಗೆ ಸಿಂಪಡಿಸುವ ಸಲಹೆ ಬಾಯಿಂದ ಬಾಯಿಗೆ ಹರಡುತ್ತಿದೆ. ಎಲೆ ಸುಡುವುದು ನಿಜ. ಆದರೆ ಜೇಕು, ಕರಿಕೆ ವಾರದೊಳಗೆ ಮತ್ತೆ ಚಿಗುರುತ್ತವೆ. ಉಪ್ಪು ಮಾತ್ರ ಹೊಲದಲ್ಲಿಯೇ ಉಳಿಯುತ್ತದೆ. ಎರೆ ಮಣ್ಣಿನಲ್ಲಿ ನೀರು ಬಸಿಯುವುದು ಮೊದಲೇ ಕಡಿಮೆ. ಉಪ್ಪಿನಲ್ಲಿರುವ ಸೋಡಿಯಂ ಮಣ್ಣಿನ ಕಣಗಳನ್ನು ಬಿಡಿಸಿ ನೆಲವನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ರಾಸಾಯನಿಕವಲ್ಲ ಎಂದ ಮಾತ್ರಕ್ಕೆ ಎಲ್ಲವೂ ಸುಸ್ಥಿರವಲ್ಲ.

ಯಾರು, ಎಷ್ಟರಿಂದ ಆರಂಭಿಸಬೇಕು?

ಸಾವಯವ ಪ್ರಮಾಣಪತ್ರಕ್ಕೆ ವಾರ್ಷಿಕ ಬೆಳೆಗಳಲ್ಲಿ ಸಾಮಾನ್ಯವಾಗಿ ಎರಡು ವರ್ಷ, ಬಹುವಾರ್ಷಿಕ ಬೆಳೆಗಳಲ್ಲಿ ಮೂರು ವರ್ಷ ಪರಿವರ್ತನೆಯ ಅವಧಿ ಇದೆ. ಈ ಅವಧಿಯೇ ಕಠಿಣವಾದುದು. ಮಣ್ಣಿನಲ್ಲಿ ಹಳೆಯ ಕಳೆ ಬೀಜ ಇನ್ನೂ ತುಂಬಿರುತ್ತದೆ, ಇಳುವರಿ ಇಳಿಯಬಹುದು, ಸಾವಯವದ ಬೆಲೆ ಇನ್ನೂ ಸಿಗುವುದಿಲ್ಲ. ಆದುದರಿಂದ ಇರುವ ನಾಲ್ಕು ಎಕರೆಯನ್ನೂ ಒಮ್ಮೆಲೇ ಬದಲಿಸಲು ಹೋಗಬೇಡಿರಿ. ಮನೆಗೆ ಹತ್ತಿರದ, ಕಳೆ ಕಡಿಮೆಯಿರುವ ಒಂದು ಎಕರೆಯಿಂದ ಆರಂಭಿಸಿರಿ. ಆ ಎಕರೆಗೆ ಪ್ರತ್ಯೇಕ ಪುಸ್ತಕವಿಟ್ಟು, ಎಷ್ಟು ಆಳು, ಎಷ್ಟು ದಿನದ ಎತ್ತು, ಎಷ್ಟು ಗೊಬ್ಬರ, ಎಷ್ಟು ಇಳುವರಿ ಎಂದು ಬರೆದಿಡಿರಿ. ಮನೆಯವರ ದುಡಿಮೆಯನ್ನೂ ಊರಿನ ಕೂಲಿ ದರದಲ್ಲಿ ಸೇರಿಸಿರಿ. ಪಕ್ಕದ ಎಕರೆಯ ಲೆಕ್ಕವನ್ನು ಅದರೊಡನೆ ಇಟ್ಟು ನೋಡಿರಿ. ಮೂರನೆಯ ವರ್ಷ ಕಳೆಯ ಆಳು ಕಡಿಮೆಯಾಗಿದ್ದರೆ ನೀವು ಸರಿಯಾದ ದಾರಿಯಲ್ಲಿದ್ದೀರಿ. ಕಡಿಮೆಯಾಗದಿದ್ದರೆ ಎಲ್ಲಿಯೋ ಕಳೆ ಬೀಜ ಬೀಳುತ್ತಿದೆ: ಬದು, ಗೊಬ್ಬರ, ಬಿತ್ತನೆ ಬೀಜ ಈ ಮೂರನ್ನೂ ಪರಿಶೀಲಿಸಿರಿ.

ನೆನಪಿಡಬೇಕಾದ ಅಂಶಗಳು

1. ಜೇಕು, ಕರಿಕೆ ಇರುವ ಹೊಲಕ್ಕೆ ಎರಡು ಮೂರು ವರ್ಷಕ್ಕೊಮ್ಮೆ ಆಳದ ಮಾಗಿ ಉಳುಮೆ; ಹಸಿ ನೆಲದಲ್ಲಿ ರೋಟವೇಟರ್ ಬೇಡ.

2. ರೋಹಿಣಿಯಲ್ಲಿ ಕಳೆ ಮೊಳೆಯಿಸಿ ಹರಗಿ, ಮೃಗಶಿರದಲ್ಲಿ ಬಿತ್ತನೆ.

3. ಪೂರ್ಣ ಕಳಿತ ಗೊಬ್ಬರ ಮಾತ್ರ ಹೊಲಕ್ಕೆ.

4. ತೊಗರಿಯ ನಡುವೆ ಹೆಸರು. ಜೋಳದೊಡನೆ ಬೆಳೆ ಪರಿವರ್ತನೆ.

5. 20ರಿಂದ 25, 40ರಿಂದ 45 ದಿನಗಳಲ್ಲಿ ಎಡೆ. 60 ದಿನದವರೆಗೆ ಹೊಲ ಸ್ವಚ್ಛ.

6. ಬಾಳೆಯಲ್ಲಿ ಅಗೆತ ಬೇಡ, ದಪ್ಪ ಹೊದಿಕೆ ಬೇಕು.

7. ಯಾವ ಕಳೆಯೂ ಹೊಲದಲ್ಲಾಗಲಿ, ಬದುವಿನಲ್ಲಾಗಲಿ ಬೀಜ ಕಟ್ಟಬಾರದು.

ಇವುಗಳಲ್ಲಿ ಯಾವುದೊಂದೂ ತಾನಾಗಿಯೇ ಕಳೆಯನ್ನು ಪೂರ್ಣವಾಗಿ ನಿವಾರಿಸಲಾರದು. ಎಲ್ಲವೂ ಕೂಡಿದಾಗ ಹತೋಟಿ ಸಾಧ್ಯ. ಈ ಮುಂಗಾರಿಗೆ ಏಳನ್ನೂ ಮಾಡಲಾಗದಿದ್ದರೆ ಕೊನೆಯದೊಂದನ್ನಾದರೂ ತಪ್ಪದೆ ಪಾಲಿಸಿರಿ. ಹೆಚ್ಚಿನ ಮಾಹಿತಿಗೆ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನಾಗಲಿ, ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರವನ್ನಾಗಲಿ ಸಂಪರ್ಕಿಸಬಹುದು. ಹೋಗುವಾಗ ಹೆಸರು ತಿಳಿಯದ ಕಳೆಯನ್ನು ಬೇರು ಸಹಿತ ಕಿತ್ತು ಜೊತೆಗೆ ಒಯ್ಯಲು ಮರೆಯಬೇಡಿರಿ.